ಆರ್‌ಎನ್‌ಎ ವೈರಸ್ ಸೆಲ್ ಒಳಗೆ ಏನ್ ಮಾಡತ್ತೆ: ಚಾರ್ಟ್ ಸರಿಯಾಗಿ ಬಿಡಿಸೋದು ಹೇಗೆ

ಸೈನ್ಸ್ ಎಕ್ಸಿಬಿಷನ್ ಚಾರ್ಟಲ್ಲಿ, ಸೆಮಿನಾರ್ ಸ್ಲೈಡಲ್ಲಿ ಮತ್ತೆ ಮತ್ತೆ ಒಂದೇ ತಪ್ಪು ನೋಡ್ತಿದೀನಿ. ಪೋಲಿಯೊ ಇರ್ಲಿ, ರೇಬೀಸ್ ಇರ್ಲಿ, ಒಳಗೆ ಹೋದ ಆರ್‌ಎನ್‌ಎಯಿಂದ ಸೀದಾ ರೈಬೋಸೋಮಿಗೆ (ಸೆಲ್‌ನಲ್ಲಿ ಪ್ರೋಟೀನ್ ಮಾಡೋ ಯಂತ್ರ) ಬಾಣ ಎಳೆದುಬಿಡ್ತಾರೆ. ಪೋಲಿಯೊಗೆ ಇದು ಸರಿ, ರೇಬೀಸ್‌ಗೆ ತಪ್ಪು.

ಮೊದ್ಲು ಒಂದು ವೈರಸ್ ಆರಿಸ್ಕೊಳ್ಳಿ. "ಆರ್‌ಎನ್‌ಎ ವೈರಸ್" ಅಂತ ಎಲ್ಲಕ್ಕೂ ಸೇರಿಸಿ ಒಂದೇ ಚಿತ್ರ ಬಿಡಿಸಕ್ಕೆ ಹೋದ್ರೆ ಅಲ್ಲೇ ಕೆಡತ್ತೆ. ರೆಡಿಮೇಡ್ ಚಿತ್ರ ಇಳಿಸ್ಕೊಳ್ಳೋದು ಬೇಡ್ವೇ ಬೇಡ, ಕೆಲವದ್ರಲ್ಲಿ ವೈರಸ್ ಒಳಗೆ ಡಿಎನ್‌ಎ ಸುರುಳಿ ಇರತ್ತೆ, ಹೊರಪೊರೆಯೇ ಇಲ್ಲದ ಪೋಲಿಯೊಗೂ ಕೊರೊನಾ ಥರ ಮುಳ್ಳು ಅಂಟಿಸಿರ್ತಾರೆ.

ಆಮೇಲೆ ರಿಸೆಪ್ಟರ್, ಅಂದ್ರೆ ಸೆಲ್ ಮೇಲೆ ವೈರಸ್ ಅಂಟ್ಕೊಳ್ಳೋ ಅಣು. ಕೋವಿಡ್ ವೈರಸ್ಸಿಗೆ ಎಸಿಇ2, ಫ್ಲೂಗೆ ಸಯಾಲಿಕ್ ಆಸಿಡ್, ಪೋಲಿಯೊಗೆ ಸಿಡಿ155, ಹೆಸರು ಬರೆದು ಮುಂದೆ ಹೋಗಿ.

ಒಳಗೆ ಹೋಗೋದು: ಫ್ಲೂ ಆದ್ರೆ ಎಂಡೋಸೋಮ್ (ವೈರಸ್ಸನ್ನ ಸೆಲ್ ಒಳಗೆ ಎಳ್ಕೊಳ್ಳೋ ಪೊರೆಯ ಚೀಲ) ಬಿಡಿಸಿ, ಅದರೊಳಗೆ ಆಮ್ಲತೆ ಏರಿದಾಗ್ಲೇ ವೈರಸ್ ಮೇಲಿನ ಹಿಮಾಗ್ಲುಟಿನಿನ್ ಅನ್ನೋ ಪ್ರೋಟೀನಿನ ಆಕಾರ ಬದಲಾಗಿ ಪೊರೆಗಳು ಬೆಸೆಯೋದು.

ಈಗ ಕಷ್ಟದ ಭಾಗ, ನಿಧಾನಕ್ಕೆ ಮಾಡಿ. ಎರಡು ಬಣ್ಣ ತಗೊಳ್ಳಿ, ಪ್ಲಸ್ ಎಳೆಗೆ (ರೈಬೋಸೋಮ್ ಓದಬಲ್ಲ ಆರ್‌ಎನ್‌ಎ) ಕೆಂಪು, ಮೈನಸ್ ಎಳೆಗೆ (ಅದಕ್ಕೆ ಪೂರಕವಾದ ಆರ್‌ಎನ್‌ಎ) ನೀಲಿ, ಕೊನೇವರೆಗೂ ಬದಲಾಯಿಸ್ಬೇಡಿ. ಪೋಲಿಯೊ, ಡೆಂಗಿ, ಕೊರೊನಾ ಕೆಂಪು ಗುಂಪು. ಅವುಗಳ ಜೀನೋಮೇ (ವೈರಸ್ ಹೊತ್ತಿರೋ ಆರ್‌ಎನ್‌ಎ) ಎಂಆರ್‌ಎನ್‌ಎ ಥರ, ಅಂದ್ರೆ ಪ್ರೋಟೀನ್ ಮಾಡೋ ಸೂಚನೆಯ ಥರ, ಕೆಲಸ ಮಾಡೋದ್ರಿಂದ ರೈಬೋಸೋಮ್ ನೇರವಾಗಿ ಓದತ್ತೆ, ಉದ್ದದ ಪ್ರೋಟೀನ್ ಬರತ್ತೆ, ಅದು ತುಂಡಾದಾಗ ಪಾಲಿಮರೇಸ್ (ಆರ್‌ಎನ್‌ಎ ಕಾಪಿ ಮಾಡೋ ಕಿಣ್ವ) ಸಿಗತ್ತೆ, ಆ ಪಾಲಿಮರೇಸ್ ಕೆಂಪು ನೋಡಿ ನೀಲಿ, ನೀಲಿ ನೋಡಿ ಮತ್ತಷ್ಟು ಕೆಂಪು ಬರೆಯತ್ತೆ. ರೇಬೀಸ್, ದಡಾರ, ಫ್ಲೂ ನೀಲಿ ಗುಂಪು. ನೀಲಿ ಎಳೆಯಿಂದ ರೈಬೋಸೋಮ್ ವೈರಸ್ ಪ್ರೋಟೀನ್ ಮಾಡಕ್ಕಾಗಲ್ಲ, ಮೊದ್ಲು ಅದರಿಂದ ಕೆಂಪು ಎಳೆ ಆಗ್ಬೇಕು, ಆ ಕೆಲಸಕ್ಕೆ ಬೇಕಾದ ಪಾಲಿಮರೇಸ್ ನಮ್ಮ ಸೆಲ್ ಕೊಡಲ್ಲ, ವೈರಸ್ಸೇ ಹೊತ್ಕೊಂಡು ಬರತ್ತೆ. ಹಾಗಾಗಿ ಸೆಲ್ ಹೊರಗಿರೋ ವೈರಸ್ ಬಿಡಿಸುವಾಗ್ಲೇ ನೀಲಿ ಎಳೆ ಜೊತೆ ಪಾಲಿಮರೇಸ್ ಹಾಕಿ. ಚೆಕ್ ಮಾಡ್ಕೊಳ್ಳೋದು ಸುಲಭ: ಪೋಲಿಯೊದ ಬರೀ ಆರ್‌ಎನ್‌ಎ ಸೆಲ್ ಒಳಗೆ ಹಾಕಿದ್ರೂ ಹೊಸ ವೈರಸ್ ಹುಟ್ಟತ್ತೆ, ರೇಬೀಸ್‌ದು ಹಾಕಿದ್ರೆ ಹುಟ್ಟಲ್ಲ. ನಿಮ್ಮ ಚಿತ್ರ ನೋಡಿದ್ರೆ ಇದು ಯಾಕೆ ಅಂತ ಗೊತ್ತಾಗ್ಬೇಕು.

ಜಾಗಾನೂ ನೋಡ್ಕೊಳ್ಳಿ. ಇವುಗಳಲ್ಲಿ ಬೇರೆಯವೆಲ್ಲ ಸೈಟೋಪ್ಲಾಸಮ್ಮಲ್ಲೇ ಕಾಪಿ ಆಗ್ತವೆ, ಫ್ಲೂ ಮಾತ್ರ ತನ್ನ ಆರ್‌ಎನ್‌ಎ ತುಂಡುಗಳನ್ನ ನ್ಯೂಕ್ಲಿಯಸ್‌ಗೆ ಕಳಿಸತ್ತೆ, ಇನ್‌ಫ್ಲುಯೆಂಜಾ ಎ ಆದ್ರೆ 8 ತುಂಡು. ಎಚ್‌ಐವಿ ಇದೇ ಚಾರ್ಟಲ್ಲಿ ತುರುಕ್ಬೇಡಿ, ಅದು ಆರ್‌ಎನ್‌ಎಯಿಂದ ಡಿಎನ್‌ಎ ಮಾಡೋ ವೈರಸ್, ಬೇರೆ ಹಾಳೆ ತಗೊಳ್ಳಿ.

ಸೆಲ್ ಏನೂ ಮಾಡದೆ ಸುಮ್ನೆ ಇರೋ ಹಾಗೆ ತೋರಿಸೋದು ನಂಗೆ ಒಪ್ಪಿಗೆ ಇಲ್ಲ. ಆರ್‌ಐಜಿ-ಐ, ಎಂಡಿಎ5 ಅನ್ನೋ ಪ್ರೋಟೀನ್‌ಗಳು ಈ ಪರಕೀಯ ಆರ್‌ಎನ್‌ಎ ಗುರುತು ಹಿಡೀತವೆ, ಆಗ ಇಂಟರ್‌ಫೆರಾನ್ ಅನ್ನೋ ಎಚ್ಚರಿಕೆ ಪ್ರೋಟೀನ್ ಹೊರಗೆ ಹೋಗಿ ಪಕ್ಕದ ಸೆಲ್‌ಗಳನ್ನ ಎಚ್ಚರಿಸತ್ತೆ. 1957ರಲ್ಲಿ ಐಸಾಕ್ಸ್, ಲಿಂಡೆನ್‌ಮನ್ ಅನ್ನೋ ವಿಜ್ಞಾನಿಗಳು ಕಂಡುಹಿಡಿದಿದ್ದು ಈ ಇಂಟರ್‌ಫೆರಾನನ್ನೇ. ಕೊರೊನಾ ಆದ್ರೆ ಎರಡು ಪೊರೆಯ ಗುಳ್ಳೆ ಕಟ್ಕೊಂಡು ಅದರೊಳಗೆ ಕಾಪಿ ಮಾಡತ್ತೆ, ಅಷ್ಟರಮಟ್ಟಿಗೆ ಈ ಕಾವಲಿಂದ ಮರೆ ಸಿಗತ್ತೆ, ಆ ಗುಳ್ಳೆ ಬಿಡಿಸ್ಲೇಬೇಕು.

ಕೊನೇದು ಹೊರಬರೋದು. ಫ್ಲೂ ಸೆಲ್‌ನ ಹೊರಪೊರೆಯಿಂದ ಮೊಗ್ಗಾಗಿ ಬರತ್ತೆ, ನ್ಯೂರಾಮಿನಿಡೇಸ್ ಅನ್ನೋ ಅದರ ಕಿಣ್ವ ಸಯಾಲಿಕ್ ಆಸಿಡ್ ಕತ್ತರಿಸಿ ಬಿಡಿಸಿಕೊಡತ್ತೆ, ಫ್ಲೂಗೆ ಕೊಡೋ ಒಸೆಲ್ಟಾಮಿವಿರ್ ಮಾತ್ರೆ ತಡೆಯೋದು ಈ ಕಿಣ್ವವನ್ನೇ. ಕೊರೊನಾ ಮೊಗ್ಗಾಗೋದು ಒಳಗೇ, ಇಆರ್ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್) ಮತ್ತೆ ಗಾಲ್ಜಿ ಅನ್ನೋ ಸೆಲ್ ಒಳಗಿನ ಪೊರೆ ಭಾಗಗಳ ನಡುವೆ, ಹಾಗಾಗಿ ಆ ಬಾಣ ಅಲ್ಲಿಂದ ಶುರು ಮಾಡಿ.