ಕಲಬುರಗಿ ಬ್ಯಾಸಿಗ್ಯಾಗ 60 ಪರ್ಸೆಂಟಿನ ಶೆರಿ ವಿಸ್ಕಿ ರುಚಿ ನೋಡೋದು ಹ್ಯಾಂಗ

ಶೆರಿ ವಿಸ್ಕಿ ಅಂದ್ರ ಸ್ಪೇನಿನ ಶೆರಿ ವೈನ್ ತುಂಬಿದ್ದ ಪೀಪಾಯಿದಾಗ ಇಟ್ಟು ಹಣ್ಣು ಮಾಡಿದ ವಿಸ್ಕಿ. ಇದನ್ನ ದುಬೈದಾಗಿನ ಅಳಿಯ ತರ್ತಾನ, ಇಲ್ಲಾಂದ್ರ ಹೈದ್ರಾಬಾದ್ ಏರ್‌ಪೋರ್ಟಿನ ಡ್ಯೂಟಿ ಫ್ರೀದಿಂದ ಬರ್ತದ. ಬಂದ ದಿನಾನೇ ಗೆಳ್ಯಾರೆಲ್ಲ ಕೂಡ್ತಾರ, ಒಬ್ಬಂವ ಪೂರಾ ಪೆಗ್ ನೀಟಾಗಿ ಎತ್ತಿ ಹೊಡೀತಾನ, ಕಣ್ಣಾಗ ನೀರು ಬರ್ತಾವ, "ಏನ್ ಕಡಕ್ ಅದಪಾ" ಅಂತಾನ, ಅದನ್ನ ನೋಡಿ ಉಳಿದವ್ರು ಹೆದರಿ ಕೋಲಾ ಸುರೀತಾರ. ಅಷ್ಟು ರೊಕ್ಕದ ಬಾಟ್ಲಿ ಒಂದ್ ರಾತ್ರ್ಯಾಗ ಖಾಲಿ, ರುಚಿ ಏನಿತ್ತು ಅಂತ ಕೇಳಿದ್ರ ಯಾರಿಗೂ ಗೊತ್ತಿಲ್ಲ.

ಮೊದಲು ಲೇಬಲ್ ಓದ್ರಿ. ನಮ್ ಅಂಗಡಿಯೊಳಗಿನ ಮಾಮೂಲಿ ವಿಸ್ಕಿಯೊಳಗ ಆಲ್ಕೋಹಾಲ್ 42.8 ಪರ್ಸೆಂಟ್. ಗ್ಲೆನ್‌ಫಾರ್ಕ್ಲಸ್ 105 ಅನ್ನೋ ಸ್ಕಾಚ್ 60 ಪರ್ಸೆಂಟ್, ಆ 105 ಅಂದ್ರ ಆಲ್ಕೋಹಾಲ್ ಅಳಿಯೋ ಹಳೇ ಬ್ರಿಟಿಷ್ ಪ್ರೂಫ್ ಲೆಕ್ಕ. ಅಬರ್ಲೋರ್ ಅಬುನಾದ್ ಅನ್ನೋ ಇನ್ನೊಂದು ಸ್ಕಾಚಿಂದು ಬ್ಯಾಚ್ ಮ್ಯಾಲ ಬದಲಾಗ್ತದ, 60ರ ಆಜುಬಾಜು ಇರ್ತದ. ಬೆಂಗಳೂರಿನ ಅಮೃತ್ ಇಂಟರ್‌ಮೀಡಿಯೇಟ್ ಶೆರಿ 57.1. ಲೆಕ್ಕ ಹಾಕಿದ್ರ 60ರದ್ದು 30 ಎಂಎಲ್ ಕುಡದ್ರ ಮಾಮೂಲಿದು 42 ಎಂಎಲ್ ಕುಡದಂಗ. ಅದಕ್ಕ ಲಾರ್ಜ್ ಅನ್ನೋ ಮಾತೇ ಬ್ಯಾಡ, 30 ಸಾಕು, ಬೈಕ್ ಚಾವಿ ಮೊದಲೇ ಒಳಗ ಕೊಟ್ಟುಬಿಡ್ರಿ.

ಬಣ್ಣ ಕಪ್ಪಗಿದ್ರ ಹಳೇ ಮಾಲು ಅಂತ ತಿಳ್ಕೋಬ್ಯಾಡ್ರಿ, ಸ್ಕಾಚಿಗೆ ಕ್ಯಾರಮೆಲ್ ಬಣ್ಣ ಹಾಕಲಿಕ್ಕೆ ಕಾನೂನಿನಾಗೇ ಅವಕಾಶ ಅದ. 'ಶೆರಿ ಫಿನಿಶ್' ಅಂತ ಬರದಿದ್ರ ಕೊನೀಗೆ ಸ್ವಲ್ಪ ದಿನ ಅಷ್ಟೇ ಶೆರಿ ಪೀಪಾಯಿದಾಗ ಇಟ್ಟದ್ದು. ನಾನಂತೂ ಅದಕ್ಕ ಪೂರಾ ಶೆರಿ ಮಾಲಿನ ರೊಕ್ಕ ಕೊಡಂಗಿಲ್ಲ.

ಗ್ಲಾಸು ಕೆಳಗ ಉಬ್ಬಿ ಬಾಯಿ ಸಣ್ಣದಿರಬೇಕು. ಗ್ಲೆನ್‌ಕೇರ್ನ್ ಸಿಗಲಿಲ್ಲಂದ್ರ ಸಣ್ಣ ವೈನ್ ಗ್ಲಾಸ್ ನಡೀತದ, ಅಗಲ ಬಾಯಿದು ಕಪಾಟಿನಾಗೇ ಇರ್ಲಿ. ಆನ್‌ಲೈನ್‌ದಾಗ ಮಾರೋ ವಿಸ್ಕಿ ಕಲ್ಲು, ಅಂದ್ರ ಬರ್ಫಿನ ಬದ್ಲಿ ತಣ್ಣಗ ಮಾಡಿ ಗ್ಲಾಸಿಗೆ ಹಾಕೋ ಕಲ್ಲು, ಶುದ್ಧ ಮೋಸ.

ಈಗ ಅಸಲಿ ಕಷ್ಟದ ಮಾತು, ಸೆಖಿ. 'ರೂಮ್ ಟೆಂಪರೇಚರ್‌ದಾಗ ಕುಡೀರಿ' ಅಂತ ಬರಿಯೋರ ರೂಮು ಸ್ಕಾಟ್ಲೆಂಡಿನಾಗ 18-20 ಡಿಗ್ರಿ ಇರ್ತದ, ನಮ್ಮ ಕಲಬುರಗಿ ಮೇ ತಿಂಗಳ ರೂಮು ರಾತ್ರಿ ಒಂಬತ್ತಕ್ಕೂ ಕಾದು ಕೂತಿರ್ತದ. ಸೆಖಿಗೆ ಸ್ಪಿರಿಟ್ ಹ್ಯಾಂಗ ಹಾರ್ತದಂದ್ರ, ಸ್ಕಾಟ್ಲೆಂಡಿನ ಗೋಡೌನಿನಾಗ ಪೀಪಾಯಿದಿಂದ ವರ್ಷಕ್ಕ ಸುಮಾರು 2 ಪರ್ಸೆಂಟ್ ಆವಿ ಆಗಿ ಹೋದ್ರ ಬೆಂಗಳೂರಿನಾಗ 10ರ ಮ್ಯಾಲ ಹೋಗ್ತದ, ಇನ್ನ ನಿಮ್ಮ ಗ್ಲಾಸಿನಾಗಿಂದು ಸೀದಾ ಮೂಗಿಗೇ ಹೊಡೀತದ. ಹಂಗಾಗಿ ಬಾಟ್ಲಿನ ಹದಿನೈದು-ಇಪ್ಪತ್ತು ನಿಮಿಷ ಫ್ರಿಜ್ಜಿನಾಗ ಇಡ್ರಿ, ಫ್ರೀಜರಿನಾಗ ಬ್ಯಾಡ, ಭಾಳ ತಣ್ಣಗಾದ್ರ ವಾಸನಿ ಮುಚ್ಕೋತದ. ಕೂಲರಿನ ಎದುರು ಕೂತು ಮೂಸಬ್ಯಾಡ್ರಿ, ಗಾಳಿ ಎಲ್ಲಾ ಒಯ್ದುಬಿಡ್ತದ. ಹಾಕಿದ ಮ್ಯಾಲ ಹತ್ತು ನಿಮಿಷ ಗ್ಲಾಸ್ ಹಂಗೇ ಇರ್ಲಿ, ವೈನ್ ತಿರುಗಿಸಿದಂಗ ಗರಗರ ತಿರುಗಿಸಬ್ಯಾಡ್ರಿ, ಸ್ಪಿರಿಟ್ಟೇ ಎದ್ದು ಬರ್ತದ.

ಮೂಸೋದು ಹ್ಯಾಂಗಂದ್ರ ಗ್ಲಾಸ್ ಗದ್ದದ ಮಟ್ಟಕ್ಕ ಹಿಡ್ದು ಬಾಯಿ ಥೋಡೆ ತೆರೆದಿಟ್ಟು ನಿಧಾನಕ್ಕ ಮ್ಯಾಲ ತರ್ರಿ, ಬಾಯಿ ತೆರದಿದ್ರ ಉರಿ ಕಮ್ಮಿ. ಎಲ್ಲಿ ಚುರ್ ಅಂತದೋ ಅಲ್ಲೇ ನಿಂದ್ರಿಸಿ ಒಂದಿಷ್ಟು ಕೆಳಗ ಇಳಸ್ರಿ, ಒಂದ್ ಹೊಳ್ಳಿಯಿಂದ ಒಂದ್ಸಲ, ಇನ್ನೊಂದ್ರಿಂದ ಒಂದ್ಸಲ. ನಡುವ ನಿಮ್ಮ ಅಂಗಿ ತೋಳು ಮೂಸ್ರಿ, ಮೂಗು ಮತ್ತ ಸರಿ ಆಗ್ತದ. ಏನ್ ಹುಡುಕಬೇಕು? ಒಲೊರೊಸೊ ಅನ್ನೋ ಶೆರಿಯ ಪೀಪಾಯಿದಾಗ ಇದ್ದದ್ದಾದ್ರ ವಿಜಯಪುರದ ಒಣದ್ರಾಕ್ಷಿ, ಅಂಜೂರ, ಅಕ್ರೋಟು, ಲವಂಗ. ಪೆಡ್ರೊ ಹಿಮೆನೆಜ್ ಅನ್ನೋ ಭಾಳ ಸಿಹಿ ಶೆರಿದಾದ್ರ ಬೀದರಿನ ಗಾಣದ ಮುಂದ ಹಾದಾಗ ಬರೋ ಬೆಲ್ಲದ ಪಾಕ, ಖಜೂರ. ಕಡ್ಡಿಪೆಟ್ಟಿಗಿ ಗೀರಿದ ವಾಸನಿ ಬಂದ್ರ ಅದು ಗಂಧಕ, ಪೀಪಾಯಿ ಕೆಡಬಾರ್ದಂತ ಒಳಗ ಗಂಧಕ ಸುಡೋ ಪದ್ಧತಿಯಿಂದ ಉಳಿದದ್ದು. ಜರಾ ಗಾಳಿ ಆಡಿದ್ರ ಕಮ್ಮಿ ಆಗ್ತದ, ಆಗ್ಲಿಲ್ಲಂದ್ರ ಆ ಬಾಟ್ಲಿ ನಸೀಬೇ ಅಷ್ಟು.

ಆಮ್ಯಾಲ ಅರ್ಧ ಚಮಚದಷ್ಟು ಬಾಯಾಗ ತಗೋರಿ, ನಾಲಿಗಿ ಮ್ಯಾಲ ಹೊರಳಾಡಿಸಿ ನುಂಗ್ರಿ. ಮೊದಲನೇ ಗುಟುಕಿಗೆ ಬರೇ ಉರಿ ಇರ್ತದ, ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ.

ನೀರು. ನೀಟ್ ಕುಡಿಯೋದೇ ಗಂಡಸ್ತನ ಅನ್ನೋರ ಸಂಗಟ ಇದನ್ನ ಚರ್ಚಾ ಮಾಡಲಿಕ್ಕೆ ಹೋಗಬ್ಯಾಡ್ರಿ, ಬಾಟ್ಲಿ ನಿಮ್ದು. ಕ್ಯಾಸ್ಕ್ ಸ್ಟ್ರೆಂಥ್ ಅಂದ್ರ ಕಂಪನಿಯವ್ರು ಹಾಕೋ ನೀರು ನಿಮ್ಮ ಕೈಗೆ ಬಿಟ್ಟಾರ ಅಂತ ಅರ್ಥ. 60ರ 30 ಎಂಎಲ್‌ಗೆ 6 ಎಂಎಲ್ ನೀರು ಹಾಕಿದ್ರ 50 ಆಗ್ತದ, 10 ಹಾಕಿದ್ರ 45, 15 ಹಾಕಿದ್ರ 40. ಒಂದ್ ಟೀ ಚಮಚ 5 ಎಂಎಲ್, ಇಲ್ಲಾಂದ್ರ ಹುಡುಗ್ರ ಸಿರಪ್ ಜೋಡಿ ಬರೋ ಗೆರಿ ಇದ್ದ ಮುಚ್ಚಳ ತೊಳ್ದು ಇಟ್ಕೋರಿ. ಒಮ್ಮೆಗೇ ಸುರೀಬ್ಯಾಡ್ರಿ, ಅರ್ಧ ಚಮಚ ಹಾಕಿ ಎರಡು ನಿಮಿಷ ಬಿಟ್ಟು ಮೂಸಿ, ಮತ್ತ ಅರ್ಧ. ನನ್ನ ನಾಲಿಗಿಗೆ 48-50ರ ನಡುವ ಸಿಹಿ, ಖಾರ ಎರಡೂ ಸರಿ ಕೂಡ್ತಾವ, 45ಕ್ಕಿಂತ ಕೆಳಗ ಇಳಿದ್ರ ದ್ರಾಕ್ಷಿ ಹೋಗಿ ಬರೇ ಕಟ್ಟಿಗಿ ಒಗರು ಉಳೀತದ. ಬೋರಿನ ಸವಳು ನೀರು ಬಿಲ್ಕುಲ್ ಬ್ಯಾಡ, ಆರ್‌ಓ ನೀರು ಹಾಕ್ರಿ. ಸೋಡಾ ಹಾಕೋದಿದ್ರ ಈ ಬಾಟ್ಲಿ ಯಾಕ ಬೇಕಿತ್ತು?

ನೀರು ಬಿದ್ದ ಮ್ಯಾಲ ಮಬ್ಬು ಕಟ್ಟಿದ್ರ ಡೂಪ್ಲಿಕೇಟ್ ಮಾಲು ಅಂತ ತಂದವನ ಜೋಡಿ ಜಗಳ ತೆಗೀತಾರ ನಮ್ಮಂದಿ. ತಣ್ಣಗ ಮಾಡಿ ಸೋಸದೇ ಬಿಟ್ಟ ವಿಸ್ಕಿಯೊಳಗಿನ ಎಣ್ಣಿ ಅಂಶ ನೀರಿಗೆ ಕರಗದೇ ಹಂಗ ಕಾಣ್ತದ, ಅದು ಚಲೋ ಲಕ್ಷಣ.

ಮಿರ್ಚಿ ಭಜಿ, ತಹರಿ ಎಲ್ಲಾ ಆಮ್ಯಾಲ. ಗುಟ್ಕಾ, ಪಾನ್ ಹಾಕಿದ ಬಾಯಿಗೆ ಇದನ್ನ ಕೊಡಲೇಬ್ಯಾಡ್ರಿ. ನಡುವ ತಿನ್ನಲೇಬೇಕಂದ್ರ ಉಪ್ಪಿಲ್ಲದ ಹುರದ ಶೇಂಗಾ.

ಉಳಿದದ್ದನ್ನ ನಿಲ್ಲಿಸೇ ಇಡ್ರಿ, ಮಲಗಿಸಿದ್ರ ಇಷ್ಟು ಸ್ಟ್ರಾಂಗ್ ಸ್ಪಿರಿಟ್ ಕಾರ್ಕು ತಿಂತದ. ಬಿಸಿಲು ಬೀಳೋ ಶೋಕೇಸ್ ಬ್ಯಾಡ, ಕಪಾಟಿನ ಕೆಳಗಿನ ಖಾನೆ ಚಲೋ. ಕಾಲು ಬಾಟ್ಲಿ ಉಳಿದ್ರ ಸಣ್ಣ ಗಾಜಿನ ಬಾಟ್ಲಿಗೆ ತುಂಬಿಡ್ರಿ, ಪ್ಲಾಸ್ಟಿಕ್ ನೀರಿನ ಬಾಟ್ಲಿಗೆ ಮಾತ್ರ ಬ್ಯಾಡ.