72 ಹಾಳೆಗಳಲ್ಲಿ ಕಿಟ್ಟೆಲ್: ಜೀವನಚರಿತ್ರೆ ಬರೆದ ನನ್ನ ಅನುಭವ

ಗೋಡೆ ತುಂಬ 72 ಖಾಲಿ ಹಾಳೆ ಅಂಟಿಸಿದ್ದೆ. ಮನೆಗೆ ಬಂದ ಹಿರಿಯ ಲೇಖಕರೊಬ್ಬರು ನೋಡಿ, "ಇದೇನ್ರೀ, ಜೀವನಚರಿತ್ರೆ ಬರೀತಿದೀರೋ ಪಂಚಾಂಗ ಬರೀತಿದೀರೋ?" ಅಂದರು. ಈಗ ಆ ಪುಸ್ತಕದ 500 ಪ್ರತಿ ಖರ್ಚಾಗಿ ಎರಡನೇ ಮುದ್ರಣ ಆಗುತ್ತಿದೆ. ಹೋದ ತಿಂಗಳು ಅವರೇ ಫೋನ್ ಮಾಡಿ, "ಆ ಹಾಳೆ ಲೆಕ್ಕ ಸ್ವಲ್ಪ ಹೇಳಿ" ಅಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬರೆದದ್ದು ಕನ್ನಡ ನಿಘಂಟು ಮಾಡಿದ ಜರ್ಮನ್ ಪಾದ್ರಿ ಫರ್ಡಿನಾಂಡ್ ಕಿಟ್ಟೆಲ್ ಬಗ್ಗೆ. 1832ರಲ್ಲಿ ಹುಟ್ಟಿ 1903ರಲ್ಲಿ ತೀರಿಕೊಂಡರು. ಎರಡೂ ವರ್ಷ ಸೇರಿಸಿದರೆ 72. ವರ್ಷಕ್ಕೊಂದು ಹಾಳೆ.

ಇದಕ್ಕೂ ಮೊದಲು ಎರಡು ವರ್ಷ ಕೂತು 240 ಪುಟ ಬರೆದಿದ್ದೆ. ಹುಟ್ಟು, ಬಾಲ್ಯ, 1853ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯಿಂದ ಇಲ್ಲಿಗೆ ಬಂದದ್ದು, ನಿಘಂಟು, ಸಾವು. ಒಬ್ಬ ಪ್ರಕಾಶಕರು ಹಸ್ತಪ್ರತಿಯನ್ನು ಎಂಟು ತಿಂಗಳು ಇಟ್ಟುಕೊಂಡು ವಾಪಸ್ ಕಳಿಸಿದರು. "ಇದರಲ್ಲಿ ಇರೋದೆಲ್ಲ ನಮಗೆ ಗೊತ್ತಿರೋದೇ ಅಲ್ವಾ" ಅಂತ ಒಂದೇ ಸಾಲು. ತುಂಬಾ ಬೇಜಾರಾಯಿತು. ಮತ್ತೆ ಓದಿದೆ. ಅವರು ಹೇಳಿದ್ದು ನಿಜವಾಗಿತ್ತು.

ಆಗ ಹಾಳೆ ಅಂಟಿಸಿದ್ದು. ಹಳೆಯ ಹಸ್ತಪ್ರತಿಯ ಒಂದೊಂದೇ ಸಂಗತಿ ಎತ್ತಿ ಆಯಾ ವರ್ಷದ ಹಾಳೆಗೆ ಬರೆದೆ. ಕಿಟ್ಟೆಲ್ ಅವರೇ ಬರೆದದ್ದು, ಅಚ್ಚು ಮಾಡಿಸಿದ್ದು, ಆಗಿನ ದಾಖಲೆಯಲ್ಲಿ ಇರುವುದು ಕಪ್ಪು ಶಾಯಿ. ಅವರನ್ನು ಕಣ್ಣಾರೆ ಕಂಡವರು ಹೇಳಿದ್ದು ನೀಲಿ. ಆಮೇಲಿನವರು ಆಧಾರ ಕೊಡದೆ ಬರೆದದ್ದು ಕೆಂಪು. ನಾಲ್ಕನೆಯ ಬಣ್ಣವೂ ಒಂದಿದೆ. ಅದು ಯಾತಕ್ಕೆ ಅಂತ ಇಲ್ಲಿ ಹೇಳುವುದಿಲ್ಲ, ಮುಂದಿನ ಪುಸ್ತಕಕ್ಕೆ ಬೇಕು.

ವಾರದ ಕೊನೆಗೆ ದೂರ ನಿಂತು ನೋಡಿದೆ. ಮೂವತ್ತರ ಹತ್ತಿರ ಹಾಳೆ ಪೂರ್ತಿ ಖಾಲಿ. ಇನ್ನು ಇಪ್ಪತ್ತರಲ್ಲಿ ಬರೀ ಕೆಂಪು. ಎರಡು ವರ್ಷ ಕೂತು ನಾನು ಬರೆದದ್ದು ಬೇರೆಯವರ ಹೊಗಳಿಕೆಯನ್ನೇ ಅಂತ ಆವತ್ತು ಅರ್ಥವಾಯಿತು.

ತುಂಬಾ ನೋವಾದದ್ದು 1864ರ ಹಾಳೆಯಲ್ಲಿ. ಆ ವರ್ಷ ಅವರ ಹೆಂಡತಿ ಪೌಲಿನ್ ತೀರಿಕೊಂಡರು. ಕಿಟ್ಟೆಲ್‌ಗೆ 32 ವರ್ಷ. ಹಳೆಯ ಹಸ್ತಪ್ರತಿಯಲ್ಲಿ ಅವರ ದುಃಖದ ಬಗ್ಗೆ ನಾಲ್ಕು ಪ್ಯಾರಾ ಬರೆದಿದ್ದೆ. ಮಳೆ ಸುರಿಯುವ ರಾತ್ರಿ, ಆರಿದ ದೀಪ, ಎಲ್ಲ ಇತ್ತು. ಹಾಳೆಗೆ ಇಳಿಸುವಾಗ ಅದರ ಒಂದು ಸಾಲಿಗೂ ಕಪ್ಪು ಶಾಯಿ ಸಿಗಲಿಲ್ಲ. ಪೂರ್ತಿ ಹೊಡೆದು ಹಾಕಿದೆ. ಪುಸ್ತಕದಲ್ಲಿ ಈಗ ಇರುವುದು ಇಷ್ಟೇ: 1864ರಲ್ಲಿ ಪೌಲಿನ್ ತೀರಿಕೊಂಡರು, 1867ರಲ್ಲಿ ಆಕೆಯ ತಂಗಿ ಯೂಲಿಯನ್ನು ಮದುವೆಯಾದರು, ಆ ಮಿಶನ್‌ನವರ ಮದುವೆಗೆ ಬಾಸೆಲ್‌ನ ಕಮಿಟಿಯ ಒಪ್ಪಿಗೆ ಬೇಕಿತ್ತು. ಓದಿದವರು ಹೆಚ್ಚಾಗಿ ಮಾತಾಡುವುದು ಇದೇ ಪುಟದ ಬಗ್ಗೆ.

ಖಾಲಿ ಹಾಳೆಗಳೇ ದಾರಿ ತೋರಿಸಿದವು. 1872ರ ಹಾಳೆ ತುಂಬಿತ್ತು, ಅವರು ಸಂಪಾದಿಸಿದ ಹಳಗನ್ನಡ ವ್ಯಾಕರಣ ಶಬ್ದಮಣಿದರ್ಪಣ ಅಚ್ಚಾದ ವರ್ಷ. 1875 ತುಂಬಿತ್ತು, ನಾಗವರ್ಮನ ಛಂದಸ್ಸು. 1877ರಲ್ಲಿ ಅವರು ಜರ್ಮನಿಗೆ ವಾಪಸ್ ಹೋದರು. ಅಲ್ಲಿಂದ 1883ರವರೆಗೆ ನನ್ನ ಗೋಡೆ ಬೆಳ್ಳಗಿತ್ತು. ನಾವೆಲ್ಲ "ತಾಯ್ನಾಡಿಗೆ ಹೋಗಿ ಮರಳಿ ಬಂದರು" ಅಂತ ಅರ್ಧ ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಮರಳುವಾಗ ಅವರಿಗೆ 51 ವರ್ಷ. ಹೋದವರು ಅಲ್ಲೇ ಉಳಿಯಬಹುದಿತ್ತು, ನಿಘಂಟು ಮುಗಿಸಲು ಮತ್ತೆ ಹಡಗು ಹತ್ತಿದರು. ಪುಸ್ತಕವನ್ನು ಆ ಎರಡನೇ ಪ್ರಯಾಣದಿಂದಲೇ ಶುರು ಮಾಡಿದೆ. "ಹುಟ್ಟೇ ಇಲ್ಲದ ಜೀವನಚರಿತ್ರೆ ಎಲ್ಲಾದರೂ ಉಂಟಾ?" ಅಂತ ಮೂರು ಜನ ಕೇಳಿದರು. ಹುಟ್ಟು ಆರನೇ ಅಧ್ಯಾಯದಲ್ಲಿ ಬರುತ್ತದೆ. ಯಾರಿಗೂ ಅಡ್ಡಿಯಾಗಿಲ್ಲ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಹೆಚ್ಚು ಕಳೆದುಕೊಂಡದ್ದು ಅನುವಾದದಲ್ಲಿ. ಆಗಿನ ಜರ್ಮನ್ ಕಾಗದಪತ್ರಗಳು ಕುರೆಂಟ್ ಅನ್ನುವ ಕೈಬರಹದಲ್ಲಿವೆ. ನಮ್ಮ ಮೋಡಿ ಲಿಪಿ ಇದ್ದ ಹಾಗೆ, ಮರಾಠಿ ಬಂದರೂ ಮೋಡಿ ಓದಲು ಬರಬೇಕಲ್ವಾ? ನಾನು ಹಿಡಿದ ಅನುವಾದಕರಿಗೆ ಜರ್ಮನ್ ಚೆನ್ನಾಗಿ ಬರುತ್ತಿತ್ತು, ಕುರೆಂಟ್ ಬರುತ್ತಿರಲಿಲ್ಲ. ಗೊತ್ತಾಗದ ಕಡೆ ಊಹಿಸಿ ಬರೆದರು. 22 ಸಾವಿರ ಹೋಯಿತು. ಆಮೇಲೆ ನಾನೇ ಕಲಿತೆ. ದಿನಕ್ಕೊಂದು ಪುಟ ನೋಡಿಕೊಂಡು ತಿದ್ದುವುದು, ಮೂರು ತಿಂಗಳು. ಅದರಲ್ಲಿ 'e' ಅಕ್ಷರ ನೋಡಲು 'n' ಥರ ಇರುತ್ತದೆ, 'u' ಮೇಲೆ ಸಣ್ಣ ಕೊಂಕು ಇರುತ್ತದೆ. ಇವೆರಡು ಹಿಡಿತಕ್ಕೆ ಸಿಕ್ಕ ಮೇಲೆ ಓದು ಓಡುತ್ತದೆ. ಹಳೆಯ ಕೈಬರಹ ಓದಿಕೊಡುವ ಟ್ರಾನ್ಸ್‌ಕ್ರಿಬಸ್ ಅನ್ನುವ ಸಾಫ್ಟ್‌ವೇರ್ ಕೂಡ ಬಳಸಿದೆ. ನೂರು ಪದ ಕೊಟ್ಟರೆ ಎಪ್ಪತ್ತು ಸರಿ ಬರುತ್ತಿತ್ತು, ಉಳಿದದ್ದು ಕಣ್ಣೇ ನೋಡಬೇಕು. ಪ್ರಯಾಣ, ಸ್ಕ್ಯಾನ್, ಪೋಸ್ಟು ಸೇರಿ ಸುಮಾರು 40 ಸಾವಿರ. ಅಚ್ಚಿಗೆ 62 ಸಾವಿರ. ಕೊನೆಗೆ ಹೇಗೋ ಅಸಲು ಬಂತು, ಮೇಲೆ ಸ್ವಲ್ಪ ಉಳಿಯಿತು. ಮೊದಲ ಕಾಗದಗಳ ಸುಳಿವು ಎಲ್ಲಿ ಸಿಕ್ಕಿತು ಅಂತ ಮಾತ್ರ ಕೇಳಬೇಡಿ.

ನಡುವೆ ಒಂದು ಪ್ರಯೋಗ ಮಾಡಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಇಪ್ಪತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ ಹತ್ತು ಪದದ ಹತ್ತಿರ ಬರುತ್ತದೆ. ಹತ್ತು ತಾನೆ ಅನ್ನಿಸಿತು. ಮಲೆನಾಡಿನಲ್ಲಿರುವ ಅಜ್ಜಿಯ ಹತ್ತಿರ ನೋಟ್‌ಬುಕ್ ಹಿಡಿದು ಕೂತೆ. ಮೊದಲ ಪದ 'ಹಾಳೆ'. "ಕಾಗದ ಅಂತಲಾ ಬರ್ಕೊಂಡೆ? ಅಡಿಕೆ ಹಾಳೆ ಬಿಟ್ಟೆಯಲ್ಲೋ" ಅಂದರು. ಎದ್ದು ಹೋಗಿ ತೋಟದಿಂದ ಒಂದು ಹಾಳೆ ಎಳೆದುಕೊಂಡು ಬಂದರು. ಅದರ ಒಳಮೈ ನುಣುಪು, ಹೊರಮೈ ಗೆರೆ ಗೆರೆ. ಟೊಪ್ಪಿ ಮಾಡುವಾಗ ಯಾವ ಮೈ ಒಳಗೆ ಬರಬೇಕು, ಎಷ್ಟು ಹೊತ್ತು ನೆನೆಸಬೇಕು ಅಂತ ಕೈಯಲ್ಲಿ ಮಡಚಿ ತೋರಿಸಿದರು. ರಾತ್ರಿ ಹುಡುಕಿದರೆ ತಮಿಳಿನಲ್ಲಿ ಪಾಳೈ, ಮಲಯಾಳದಲ್ಲಿ ಪಾಳ. ನಮ್ಮಲ್ಲಿ ಪಕಾರ ಹಕಾರವಾಗಿದೆ. ಒಂದು ಪದಕ್ಕೆ ಒಂದು ಪೂರ್ತಿ ದಿನ! ಕಿಟ್ಟೆಲ್ ಪದದ ಅರ್ಥ ಕೊಟ್ಟು ಸುಮ್ನೆ ಬಿಟ್ಟವರಲ್ಲ. ಕಾವ್ಯದ ಸಾಲು, ಗಾದೆ, ಅಕ್ಕಪಕ್ಕದ ಭಾಷೆಯ ರೂಪ ಎಲ್ಲ ಕೊಟ್ಟವರು. ನನ್ನ ಪ್ರಯೋಗ ಹತ್ತೊಂಬತ್ತನೇ ದಿನಕ್ಕೆ ನಿಂತಿತು, 41 ಪದಕ್ಕೆ. ನಿಘಂಟಿನ ಅಧ್ಯಾಯವನ್ನು ಆ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡೇ ಬರೆದೆ. ಪುಸ್ತಕದಲ್ಲಿ ನನಗೆ ಹೆಮ್ಮೆ ಇರುವ ಅಧ್ಯಾಯ ಅದು.

1896ರ ಹಾಳೆಯಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಡಾಕ್ಟರೇಟ್. 1903ರ ಹಾಳೆಯಲ್ಲಿ ಎರಡೇ ಸಾಲು, ಎರಡೂ ಕಪ್ಪು: ಕನ್ನಡ ವ್ಯಾಕರಣ ಪ್ರಕಟವಾಯಿತು, ಅದೇ ವರ್ಷ ತೀರಿಕೊಂಡರು. ಅದಕ್ಕೆ ನಾನೇನೂ ಸೇರಿಸಲಿಲ್ಲ.

ಈಗ ಅದೇ ಗೋಡೆಯಲ್ಲಿ ಕಿಟ್ಟೆಲ್ ಹಾಳೆಗಳ ಕೆಳಗೆ, ನಮ್ಮ ಶಾಸನಗಳನ್ನು ಅಚ್ಚು ಮಾಡಿಸಿದ ಬಿ.ಎಲ್. ರೈಸ್ ಅವರ ಹಾಳೆ ಅಂಟಿಸಿದ್ದೇನೆ. 1837ರಿಂದ 1927, ಒಟ್ಟು 91. ವರ್ಷಕ್ಕೆ ವರ್ಷ ಕೂಡಿಸಿ ಅಂಟಿಸಿದ್ದರಿಂದ ಒಂದು ಸಂಗತಿ ತಾನಾಗೇ ಕಣ್ಣಿಗೆ ಬಿತ್ತು. ಮಂಗಳೂರಿನಲ್ಲಿ ನಿಘಂಟು ಬಂದ 1894ರಲ್ಲೇ, ಬೆಂಗಳೂರಿನಲ್ಲಿ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಮೂರನೇ ಸಂಪುಟ ಅಚ್ಚಾಗಿದೆ. ಒಂದೇ ವರ್ಷ ಒಬ್ಬರು ಕನ್ನಡದ ಪದಗಳನ್ನು, ಇನ್ನೊಬ್ಬರು ಕನ್ನಡನಾಡಿನ ಕಲ್ಲಿನ ಬರಹಗಳನ್ನು ಅಚ್ಚಿಗೆ ತಂದಿದ್ದಾರೆ. ಇದನ್ನು ಕಂಡ ದಿನ ಸರಿಯಾಗಿ ನಿದ್ದೆ ಬರಲಿಲ್ಲ.

ರೈಸ್ 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. ಅಲ್ಲಿಂದ 1927ರವರೆಗಿನ ನನ್ನ ಹಾಳೆಗಳಲ್ಲಿ ಈಗ ನಾಲ್ಕೋ ಐದೋ ಕಪ್ಪು ಸಾಲುಗಳಿವೆ. ಮುಂದಿನ ತಿಂಗಳು ಅಲ್ಲಿಂದಲೇ ಶುರು ಮಾಡುತ್ತೇನೆ.