ಸ್ವಿಚ್ ಒತ್ತಿದ್ರೆ ಓಡ್ತದೆ, ಅಷ್ಟು ಸಾಕಾ? ಬಾವನ ಮನೆಯ ಸಂಪ್ ಮೋಟ್ರು ನೋಡಿದ ನನ್ನ ಅನುಭವ
ನಮ್ಮ ಬಾವ ಮಡಿಕೇರಿಯಲ್ಲಿ ಹಳೇ ಮನೆ ತಗೊಳ್ಳೋಕೆ ಹೊರಟಿದ್ರು, ನಾನು ಪ್ಲಂಬಿಂಗ್ ಕೆಲಸದೋನು ಅಂತ ಜೊತೆಗೆ ಕರೆದ್ರು. ಜುಲೈಲೇ ಹೋಗೋಣ ಬಾವ ಅಂದೆ, ಬೇಸಿಗೇಲಿ ನೋಡಿದ್ರೆ ಕೊಡಗಲ್ಲಿ ಎಲ್ಲಾ ಮನೆನೂ ಒಣಗೇ ಇರ್ತದೆ.

ಬರೆ (ಗುಡ್ಡದ ಕಡಿದಾದ ಇಳಿಜಾರು) ಕಡಿದು ಕಟ್ಟಿದ ಮನೆ, ಕೆಳಗಿನ ಫ್ಲೋರಿನ ಹಿಂದಿನ ಅರ್ಧ ಮಣ್ಣೊಳಗೇ ಇದೆ, ಮಳೆ ಹಿಡಿದ್ರೆ ನೆಲದಡಿಯಿಂದ ಜಲ ಏಳ್ತದೆ. ಆ ನೀರು ಸೇರೋಕೆ ಮೂಲೇಲಿ ಎರಡಡಿ ಉದ್ದ ಅಗಲ, ಮೂರಡಿ ಆಳದ ಗುಂಡಿ, ಅದರೊಳಗೆ ಅರ್ಧ ಎಚ್‌ಪಿ ಸಬ್‌ಮರ್ಸಿಬಲ್. (ಸಂಪ್ ಅಂದ ಕೂಡ್ಲೇ ಕುಡಿಯೋ ನೀರಿನ ತೊಟ್ಟಿ ಅನ್ಕೋಬೇಡಿ, ಇದು ಉಲ್ಟಾ, ನೀರು ಹೊರಗೆ ಹಾಕೋ ಮೋಟ್ರು.)

ಓನರ್ ಗೋಡೆ ಮೇಲಿನ ಸ್ವಿಚ್ ಒತ್ತಿದ್ರು, ಗುರ್ರ್ ಅಂತು, "ನೋಡಿ, ಫಸ್ಟ್ ಕ್ಲಾಸ್ ಕಂಡೀಶನ್" ಅಂದ್ರು, ಬಾವನ ಮುಖ ಅರಳ್ತು. ನನ್ನ ಕಣ್ಣು ಮಾತ್ರ ಆ ಸ್ವಿಚ್ ಮೇಲೆ, ಸುತ್ತ ಬೆರಳಿನ ಕಪ್ಪು ಕಲೆ. ಅಂದ್ರೆ ದಿನಾ ಕೈಯಲ್ಲೇ ಆನ್ ಆಫ್ ಮಾಡ್ತಿದ್ದಾರೆ, ರಾತ್ರಿ ಎರಡಕ್ಕೆ ನೀರು ಏರಿದ್ರೆ ಯಾರು ಎದ್ದು ಒತ್ತೋದು? ಆಟೋಗೆ ಹಾಕಿ ಹದಿನೈದು ಲೀಟರಿನ ಎಂಟು ಬಕೆಟ್ ಸುರಿದೆ, ನೀರು ಒಂದಡಿ ಏರ್ತು, ಮೋಟ್ರು ಸುಮ್ನೆ ಕೂತಿತ್ತು. ಪ್ಲಗ್ ಕಿತ್ತು (ಇದು ಮರೀಬೇಡಿ, ಅಲ್ಲಿ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಲೀಕ್ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚೂ ಇರ್ಲಿಲ್ಲ) ಕೈ ಹಾಕಿದ್ರೆ ಫ್ಲೋಟ್ (ನೀರಿನ ಜೊತೆ ಏರಿ ಇಳಿದು ಮೋಟ್ರು ಆನ್ ಆಫ್ ಮಾಡೋ ತೇಲುಬುರುಡೆ) ಪೈಪಿಗೂ ಗೋಡೆಗೂ ಮಧ್ಯೆ ತಲೆಕೆಳಗಾಗಿ ಸಿಕ್ಕಾಕ್ಕೊಂಡಿದೆ, ಅಡಿಯಲ್ಲಿ ನಾಲ್ಕು ಬೆರಳು ಕೆಂಪು ಕೆಸರು. ಬಿಡಿಸಿ ಕೆಸರು ಬಾಚಿ ಪ್ಲಗ್ ಹಾಕಿದೆ, ತಾನಾಗೇ ಆನ್ ಆಗಿ ಖಾಲಿ ಮಾಡಿ ಆಫ್ ಆಯ್ತು. ಆಫ್ ಆದ್ಮೇಲೆ ಗೊಳಗೊಳ ಸದ್ದು, ನೀರು ಎರಡು ಬೆರಳು ವಾಪಸ್ ಏರ್ತು. ಎನ್‌ಆರ್‌ವಿ (ನೀರು ವಾಪಸ್ ಬರದ ಹಾಗೆ ತಡೆಯೋ ವಾಲ್ವ್) ಇಲ್ಲ, ಪೈಪಲ್ಲಿದ್ದ ನೀರೆಲ್ಲ ಕೆಳಗೆ.

ಆಮೇಲೆ ಪೈಪ್ ಹಿಡ್ಕೊಂಡು ಹೋದೆ. ಸುಮಾರು ನಲ್ವತ್ತಡಿ ಒಂದೂವರೆ ಇಂಚಿನ ಪೈಪು, ಮನೆ ಹಿಂದೆ ಹತ್ತಿ ಬರೆ ನೆತ್ತಿಯ ಚರಂಡಿಗೆ ಬೀಳ್ತಿದೆ! 2018ರ ಆಗಸ್ಟ್‌ನಲ್ಲಿ ಈ ಕಡೆ ಗುಡ್ಡ ಹೇಗೆ ಜಾರಿತ್ತು ಅಂತ ಕಣ್ಣಾರೆ ಕಂಡೋರೂ ಬರೆ ಮೇಲೆ ನೀರು ಬಿಡ್ತಾರಲ್ಲ ಅಂತ ಸಿಟ್ಟು ಬಂತು. ಚರಂಡಿ ತಳ ಒಡೆದ ಹಾಗೆ ಕಾಣ್ತು, ಬಟ್ಟೆಗೆ ಹಾಕೋ ನೀಲಿ ತರಿಸಿ ಗುಂಡಿಗೆ ಸುರಿದು ಮೋಟ್ರು ಓಡಿಸಿದೆ. ಮುಕ್ಕಾಲು ಗಂಟೆ ಬಿಟ್ಟು ನೋಡಿದ್ರೆ ಕೆಳಗಿನ ರೂಮಿನ ಗೋಡೆ ಬುಡದಲ್ಲಿ ಒಸರ್ತಿದ್ದ ನೀರಲ್ಲಿ ತೆಳು ನೀಲಿ. ಮೋಟ್ರು ಎಸೆದ ನೀರನ್ನೇ ಮೋಟ್ರು ಮತ್ತೆ ಎತ್ತುತ್ತಾ ಇತ್ತು, ಕರೆಂಟ್ ಬಿಲ್ ಬೇರೆ! ಓನರ್ ಏನೂ ಮಾತಾಡ್ಲಿಲ್ಲ.

ಕೊನೆಗೆ ಮೈನ್ ಆಫ್ ಮಾಡಿ ಅವರ 800 ವಿಎ ಇನ್ವರ್ಟರಲ್ಲಿ ಸ್ಟಾರ್ಟ್ ಮಾಡಿಸಿದೆ, ಓವರ್‌ಲೋಡ್ ಅಂತ ಕೂಗಿ ನಿಂತೇಹೋಯ್ತು. ಅರ್ಧ ಎಚ್‌ಪಿ ಅಂದ್ರೆ 373 ವ್ಯಾಟ್ ತಾನೇ ಅಂತಾರೆ, ಸ್ಟಾರ್ಟಿಂಗಲ್ಲಿ ಅದರ ಎಷ್ಟೋ ಪಟ್ಟು ಎಳೀತದೆ. ಇಲ್ಲಿ ಮರ ಬಿದ್ದು ಕರೆಂಟ್ ಹೋಗೋದೂ ನೀರು ಏರೋದೂ ಒಂದೇ ದಿನ.

ಬಾವ ಇದನ್ನೆಲ್ಲ ಹೇಳಿ ರೇಟ್ ಇಳಿಸಿ ಮನೆ ತಗೊಂಡ್ರು. ಎನ್‌ಆರ್‌ವಿ, 30 ಮಿಲಿಆಂಪ್ ಆರ್‌ಸಿಸಿಬಿ, ಒಂದು ಸಣ್ಣ ಜನರೇಟರ್ ಹಾಕಿಸಿದ್ವಿ, ಪೈಪನ್ನ ಕೆಳಗಿನ ರಸ್ತೆ ಚರಂಡಿಗೆ ತಿರುಗಿಸಿದೆ. ಫ್ಲೋಟ್ ಬಿಡಿಸಿದ ದಿನ ಗಂಟೇಲಿ ಐದು ಸಲ ಆನ್ ಆಗ್ತಿತ್ತು, ಮೊನ್ನೆ ಜೋರು ಮಳೇಲಿ ಫೋನ್ ಮಾಡಿ ಎಣಿಸಿ ಬಾವ ಅಂದೆ, ಎರಡು ಅಂದ್ರು.